ದಿಗ್ವ್ರತವೂ ದೂರದೇಶದ ಶುಶ್ರೂಷೆಯೂ

ಘಟಪ್ರಭಾ ನದಿಯ ದಂಡೆಯ ಜನರಿಗೆ ರೋಗಿಯ ಸೇವೆ ಹೊಸ ಮಾತಲ್ಲ. ಸ್ವಾತಂತ್ರ್ಯ ಹೋರಾಟಗಾರರಾದ ಡಾ. ನಾ. ಸು. ಹರ್ಡೀಕರರು ತಮ್ಮ ಸಹೋದ್ಯೋಗಿ ವೈದ್ಯರೊಡನೆ ಸೇರಿ 1929ರಲ್ಲಿ ಘಟಪ್ರಭಾದಲ್ಲಿ ಸ್ಥಾಪಿಸಿದ ಕರ್ನಾಟಕ ಆರೋಗ್ಯಧಾಮವು ಗೋಕಾಕ, ಹುಕ್ಕೇರಿ, ಮೂಡಲಗಿ ಸೀಮೆಯ ಹಲವು ತಲೆಮಾರುಗಳಿಗೆ ಔಷಧವನ್ನೂ ಧೈರ್ಯವನ್ನೂ ನೀಡಿತು. ರೋಗಿಯ ಮೈ ಒರೆಸುವ, ಹುಣ್ಣು ತೊಳೆಯುವ ಕೆಲಸವು ಗೌರವದ ಕೆಲಸವೆಂಬ ತಿಳಿವಳಿಕೆ ಹಳ್ಳಿಯ ಮನೆಗಳಲ್ಲಿ ಮೂಡುವುದಕ್ಕೆ ಇಂತಹ ಸಂಸ್ಥೆಗಳು ಕಾರಣವಾದವು. ಒಂದು ಕಾಲಕ್ಕೆ ಹೆಣ್ಣುಮಕ್ಕಳನ್ನು ಈ ವೃತ್ತಿಗೆ ಕಳುಹಲು ಹಿಂಜರಿಯುತ್ತಿದ್ದ ರೈತಾಪಿ ಕುಟುಂಬಗಳು ಇಂದು ಮೂರು ವರ್ಷದ ಡಿಪ್ಲೊಮಾಕ್ಕೋ ನಾಲ್ಕು ವರ್ಷದ ಬಿ.ಎಸ್ಸಿ. ಪದವಿಗೋ ಅವರನ್ನು ಸೇರಿಸುತ್ತಿವೆ. ಜೈನ ಕುಟುಂಬಗಳೂ ಇದಕ್ಕೆ ಹೊರತಲ್ಲ.

ಓದು ಮುಗಿದ ಮೇಲೆ ಬರುವ ಪ್ರಶ್ನೆಯೇ ಇಲ್ಲಿ ವಿಚಾರಾರ್ಹವಾದುದು. ಬೆಳಗಾವಿಯ ಆಸ್ಪತ್ರೆಯಲ್ಲಿ ಸಿಗುವ ಸಂಬಳಕ್ಕೂ ದುಬೈ, ಕುವೈತ್, ಲಂಡನ್, ಬರ್ಲಿನ್ ನಗರಗಳಲ್ಲಿ ಸಿಗುವ ಸಂಬಳಕ್ಕೂ ಹೋಲಿಕೆಯೇ ಇಲ್ಲ. ಹೋಗಬೇಕೇ, ಇರಬೇಕೇ? ಹೋಗುವುದಾದರೆ ಯಾವ ದಾರಿಯಿಂದ? ಹೋದವಳು ಯಾರಿಗೆ ಋಣಿ? ಇವು ಕೇವಲ ಲೆಕ್ಕಾಚಾರದ ಪ್ರಶ್ನೆಗಳಲ್ಲ. ಇವುಗಳಲ್ಲಿ ಧರ್ಮದ ಪ್ರಶ್ನೆಯೂ ಅಡಗಿದೆ.

ವಿಚಾರಕ್ಕೆ ಆಧಾರವಾಗಿ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಹುಕ್ಕೇರಿ ತಾಲೂಕಿನ ಒಂದು ಹಳ್ಳಿ. ಹಿಡಕಲ್ ಜಲಾಶಯದ ನೀರಿನಿಂದ ಬೆಳೆಯುವ ಎರಡೂವರೆ ಎಕರೆ ಕಬ್ಬು. ಕಾರ್ಖಾನೆಯ ಬಿಲ್ಲು ಬಂದಾಗ ಸೊಸೈಟಿಯ ಸಾಲ ತೀರುತ್ತದೆ, ಮತ್ತೆ ಹೊಸ ಸಾಲ ಏಳುತ್ತದೆ. ಹಿರಿಯ ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮೂರು ವರ್ಷಗಳಿಂದ ನಗರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಇದ್ದಾಳೆ. ತಾಯಿಗೆ ಸಕ್ಕರೆ ಕಾಯಿಲೆ, ತಮ್ಮನ ಓದು ಇನ್ನೂ ಉಳಿದಿದೆ. ಏಜೆಂಟನೊಬ್ಬನು ಕೊಲ್ಲಿ ದೇಶದ ನೌಕರಿಯ ಆಸೆ ತೋರಿಸಿ ಕೆಲವು ಲಕ್ಷ ರೂಪಾಯಿ ಕೇಳಿದ್ದಾನೆ. ತಂದೆ ಮನೆಯ ಬಂಗಾರ ಅಡವಿಡಲು ಸಿದ್ಧನಿದ್ದಾನೆ. ತಾಯಿ ಹೇಳುವ ಮಾತು ಒಂದೇ: 'ಹೋಗಬ್ಯಾಡ ಅನ್ನಾಕ ಬಾಯಿ ಬರೂದಿಲ್ಲವ್ವಾ, ಹೋಗು ಅನ್ನಾಕ ಮನಸ್ಸ ಬರೂದಿಲ್ಲ.' ಚಾತುರ್ಮಾಸದಲ್ಲಿ ಮುನಿಗಳ ಸನ್ನಿಧಿಯಲ್ಲಿ ಶ್ರಾವಕವ್ರತ ಸ್ವೀಕರಿಸಿರುವ ಅಜ್ಜಿಯ ಪ್ರಶ್ನೆ ಬೇರೆಯೇ ಆಗಿದೆ: 'ನಾ ನಾಕೂ ದಿಕ್ಕಿಗೆ ಗಡಿ ಹಾಕ್ಕೊಂಡೇನಿ. ಈ ಕೂಸಿನ ಗಡಿ ಎಲ್ಲೈತಿ?'

ಅಜ್ಜಿಯ ಪ್ರಶ್ನೆಯಿಂದಲೇ ವಿಚಾರವನ್ನು ಆರಂಭಿಸುವುದು ಉಚಿತ.

ದಿಗ್ವ್ರತದ ಅರ್ಥ

ಗೃಹಸ್ಥನ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳ ನಂತರ ಗುಣವ್ರತಗಳು ಬರುತ್ತವೆ. ಅವುಗಳಲ್ಲಿ ಮೊದಲನೆಯದು ದಿಗ್ವ್ರತ. ಸಮುದ್ರ, ನದಿ, ಪರ್ವತ, ಅರಣ್ಯ, ದೇಶ ಮೊದಲಾದ ಪ್ರಸಿದ್ಧ ಗುರುತುಗಳನ್ನು ಎಲ್ಲೆಯಾಗಿಟ್ಟುಕೊಂಡು ಹತ್ತು ದಿಕ್ಕುಗಳಲ್ಲಿ ತನ್ನ ಸಂಚಾರಕ್ಕೂ ವ್ಯವಹಾರಕ್ಕೂ ಮಿತಿಯನ್ನು ಗೊತ್ತುಮಾಡಿಕೊಳ್ಳುವುದೇ ಈ ವ್ರತ. ಮಿತಿಯ ಆಚೆಗೆ ಗೃಹಸ್ಥನಿಂದ ಸೂಕ್ಷ್ಮವಾದ ಹಿಂಸೆಯೂ ನಡೆಯದಿರುವುದರಿಂದ ಆ ಕ್ಷೇತ್ರದ ಮಟ್ಟಿಗೆ ಅವನ ಅಣುವ್ರತಗಳು ಮಹಾವ್ರತದ ಸಾಮ್ಯವನ್ನು ಪಡೆಯುತ್ತವೆ ಎಂಬುದು ಆಚಾರ್ಯರ ಅಭಿಪ್ರಾಯ.

ಈ ವ್ರತವನ್ನು ಪ್ರಯಾಣದ ನಿಷೇಧವೆಂದು ತಿಳಿದವರುಂಟು. 1893ರಲ್ಲಿ ಚಿಕಾಗೋ ಸರ್ವಧರ್ಮ ಸಮ್ಮೇಳನಕ್ಕೆ ಜೈನ ಪ್ರತಿನಿಧಿಯಾಗಿ ಹೋದ ವೀರಚಂದ ರಾಘವಜಿ ಗಾಂಧಿಯವರಿಗೆ ಸಮುದ್ರಯಾನದ ಕಾರಣದಿಂದ ಸಮಾಜದ ಕೆಲವರ ವಿರೋಧ ಎದುರಾಯಿತು. ಆದರೆ ಹಡಗಿನಲ್ಲಿ ದ್ವೀಪಾಂತರಕ್ಕೆ ಹೋಗಿ ವ್ಯಾಪಾರ ಮಾಡಿದ ಶ್ರೇಷ್ಠಿಗಳ ಕಥೆಗಳು ಜೈನ ಪುರಾಣಗಳಲ್ಲಿ ಹೇರಳವಾಗಿವೆ. ಬೆಳಗಾವಿ ಕೋಟೆಯಲ್ಲಿ 1204ರ ಸುಮಾರಿಗೆ ಕಮಲ ಬಸದಿಯು ನಿರ್ಮಾಣವಾದ ರಟ್ಟರ ಕಾಲದಲ್ಲಿಯೂ ದೂರ ಸಂಚಾರದ ವರ್ತಕರ ಸಂಪತ್ತು ಬಸದಿಗಳಿಗೆ ಹರಿದು ಬಂದಿತ್ತು. ಪ್ರಯಾಣವೇ ಪಾಪವಾಗಿದ್ದರೆ ಆ ದಾನವನ್ನು ಶಾಸನಗಳಲ್ಲಿ ಕೆತ್ತಿಸುತ್ತಿರಲಿಲ್ಲ.

ಹಾಗಾದರೆ ದಿಗ್ವ್ರತವು ತಡೆಯುವುದು ಏನನ್ನು? ಈ ವ್ರತದ ಐದು ಅತಿಚಾರಗಳಲ್ಲಿ ಎರಡು ಇಲ್ಲಿ ಮನನಯೋಗ್ಯವಾಗಿವೆ. ಒಂದು ಕ್ಷೇತ್ರವೃದ್ಧಿ, ಅಂದರೆ ಲೋಭದಿಂದ ತಾನೇ ಹಾಕಿಕೊಂಡ ಗಡಿಯನ್ನು ಮುಂದೆ ತಳ್ಳುವುದು. ಇನ್ನೊಂದು ಸ್ಮೃತ್ಯಂತರಾಧಾನ, ಅಂದರೆ ಹಾಕಿಕೊಂಡ ಗಡಿಯನ್ನೇ ಮರೆಯುವುದು. ಗಡಿ ಹತ್ತಿರದ್ದೋ ದೂರದ್ದೋ ಎಂಬ ವಿಷಯದಲ್ಲಿ ಆಚಾರ್ಯರು ಗೃಹಸ್ಥನಿಗೆ ಸ್ವಾತಂತ್ರ್ಯ ಕೊಟ್ಟಿದ್ದಾರೆ. ಗಡಿಯೇ ಇಲ್ಲದ ಬದುಕಿಗೆ ಮಾತ್ರ ಅವರ ಸಮ್ಮತಿಯಿಲ್ಲ. ಆದುದರಿಂದ ಹುಕ್ಕೇರಿಯಿಂದ ಕುವೈತಿಗೆ ಎಷ್ಟು ಮೈಲು ಎಂಬುದನ್ನು ದಿಗ್ವ್ರತ ಕೇಳುವುದಿಲ್ಲ. ಯಾವುದಕ್ಕಾಗಿ ಹೊರಟಿದ್ದಾಳೆ, ಎಷ್ಟಾದರೆ ಸಾಕು, ಆ 'ಸಾಕು' ಎಂಬ ಮಾತನ್ನು ಹೊರಡುವ ಮೊದಲೇ ಮನಸ್ಸಿನಲ್ಲಿ ಗೊತ್ತುಮಾಡಿಕೊಂಡಿದ್ದಾಳೆಯೇ ಎಂದು ಕೇಳುತ್ತದೆ.

ಸೇವೆಯ ಸ್ವರೂಪ

ಎರಡನೆಯದಾಗಿ, ಈ ವೃತ್ತಿಯ ಸ್ಥಾನವನ್ನು ಅರಿಯಬೇಕು. ಆರು ವಿಧದ ಅಂತರಂಗ ತಪಸ್ಸಿನಲ್ಲಿ ವೈಯಾವೃತ್ತ್ಯವೂ ಒಂದು. ರೋಗಪೀಡಿತರಾದ ಮುನಿಗಳ, ಸಾಧರ್ಮಿಗಳ ಸೇವೆಯನ್ನು ಧ್ಯಾನ ಸ್ವಾಧ್ಯಾಯಗಳ ಸಾಲಿನಲ್ಲಿಯೇ ಇಡಲಾಗಿದೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೂರನೆಯದಾದ ನಿರ್ವಿಚಿಕಿತ್ಸೆಯೆಂದರೆ ಮಲಿನವಾದ, ರೋಗಿಷ್ಠವಾದ ದೇಹವನ್ನು ಕಂಡು ಅಸಹ್ಯಪಡದಿರುವುದು. ಇದಕ್ಕೆ ಉದ್ದಾಯನ ರಾಜನ ದೃಷ್ಟಾಂತ ಪ್ರಸಿದ್ಧವಾಗಿದೆ. ರೋಗಿಯಾದ ಮುನಿಯ ವಾಂತಿಯನ್ನು ತನ್ನ ಕೈಯಿಂದ ತೊಳೆದ ಆ ರಾಜನು ಮಾಡಿದ್ದನ್ನೇ ಶುಶ್ರೂಷಕಿಯು ಪ್ರತಿದಿನವೂ ಅಪರಿಚಿತರಿಗೆ ಮಾಡುತ್ತಾಳೆ. ಅವಳು ಸಂಬಳ ಪಡೆಯುತ್ತಾಳೆಂಬ ಕಾರಣದಿಂದ ಆ ಕಾರ್ಯದ ಬೆಲೆ ತಗ್ಗುವುದಿಲ್ಲ. ನ್ಯಾಯೋಪಾರ್ಜಿತ ಧನವೇ ಗೃಹಸ್ಥನ ಮೊದಲ ಗುಣವೆಂದು ಶ್ರಾವಕಾಚಾರಗಳು ಹೇಳುವಾಗ, ನೋವನ್ನು ಕಡಿಮೆ ಮಾಡಿ ಗಳಿಸಿದ ಧನಕ್ಕಿಂತ ನ್ಯಾಯವಾದುದು ಯಾವುದು?

ಹೀಗಿರುವಲ್ಲಿ, ಸೇವೆ ಪಡೆಯುವ ದೇಹವು ಗೋಕಾಕದ್ದೋ ಗ್ಲಾಸ್ಗೋದ್ದೋ ಎಂಬ ಭೇದಕ್ಕೆ ಸ್ಥಾನವಿಲ್ಲ. ಜೀವದ ನೋವಿಗೆ ದೇಶವಿಲ್ಲ. ಪರದೇಶದ ವೃದ್ಧನಿಗೆ ನೀರು ಕುಡಿಸುವುದು ಪರರ ಚಾಕರಿ, ಊರಿನ ವೃದ್ಧನಿಗೆ ಕುಡಿಸುವುದು ಧರ್ಮ ಎಂದು ವಾದಿಸುವವರು ಅಹಿಂಸೆಯನ್ನು ಗ್ರಾಮದ ಸೀಮೆಗೆ ಕಟ್ಟಿಹಾಕಿದಂತಾಗುತ್ತದೆ.

ಆಹಾರಾಚಾರದ ಸಂದೇಹವೂ ಹಲವು ಮನೆಗಳಲ್ಲಿ ಬರುತ್ತದೆ. ಪರದೇಶದ ಆಸ್ಪತ್ರೆಯಲ್ಲಿ ರೋಗಿಗೆ ಮಾಂಸಾಹಾರ ಕೊಡಬೇಕಾದೀತು, ರಾತ್ರಿ ಪಾಳಿಯಲ್ಲಿ ರಾತ್ರಿಭೋಜನ ತ್ಯಾಗ ನಡೆದೀತೇ ಎಂಬ ಆತಂಕ ಸಹಜ. ಆದರೆ ಈ ತೊಡಕು ಬೆಳಗಾವಿ ಬೆಂಗಳೂರುಗಳಲ್ಲಿಯೂ ಇದ್ದೇ ಇದೆ. ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಟ್ಟು, ವೃತ್ತಿಯಲ್ಲಿ ಅನಿವಾರ್ಯವಾಗಿ ಬರುವ ಉದ್ಯೋಗೀ ಹಿಂಸೆಯನ್ನು ಸಾಧ್ಯವಿದ್ದಷ್ಟು ತಗ್ಗಿಸುವುದು ಗೃಹಸ್ಥನ ಮಾರ್ಗ. ಅನುಮೋದನೆಯ ದೋಷವು ಭಾವದಲ್ಲಿದೆ. ತನ್ನ ಊಟ, ಉಪವಾಸ, ಸಾಮಾಯಿಕಗಳ ವೇಳೆಯನ್ನು ಪಾಳಿಗೆ ಅನುಗುಣವಾಗಿ ಹೊಂದಿಸಿಕೊಳ್ಳುವ ದೃಢತೆ ಇರುವವಳಿಗೆ ದೂರದೇಶವು ಅಡ್ಡಿಯಾಗದು. ಆ ದೃಢತೆ ಇಲ್ಲದವಳಿಗೆ ಬಸದಿಯ ಪಕ್ಕದ ಮನೆಯೂ ರಕ್ಷಣೆ ನೀಡದು.

ಊರಿನ ರೋಗಿಯ ಹಕ್ಕು

ಆದರೂ ಒಂದು ಬಲವಾದ ಆಕ್ಷೇಪ ಉಳಿಯುತ್ತದೆ, ಮತ್ತು ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಬಯಲು ಸೀಮೆಯಲ್ಲಿ 30,000 ಜನಸಂಖ್ಯೆಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಸಂಖ್ಯೆಗೆ ಒಂದು ಉಪಕೇಂದ್ರವೆಂಬುದು ಈ ದೇಶದ ಮಾನದಂಡ. ಅಂದರೆ ಹಳ್ಳಿಯ ಕೇಂದ್ರದಿಂದ ಅನುಭವಿ ಶುಶ್ರೂಷಕಿಯೊಬ್ಬಳು ಹೊರಟುಹೋದಾಗ ಅವಳ ಅಭಾವವನ್ನು ಸಾವಿರಾರು ಜನ ಅನುಭವಿಸುತ್ತಾರೆ. ಗೋಕಾಕದಿಂದ ಬೇರ್ಪಟ್ಟು ಹೊಸ ತಾಲೂಕಾದ ಮೂಡಲಗಿಯ ಹಳ್ಳಿಯೊಂದರಲ್ಲಿ ನಡುರಾತ್ರಿ ಹೆರಿಗೆ ನೋವು ಕಾಣಿಸಿಕೊಂಡ ಬಾಣಂತಿಗೆ ಲಂಡನ್ನಿನ ಸಂಬಳದ ಲೆಕ್ಕ ಸಮಾಧಾನ ಕೊಡದು. ಆ ಬಾಣಂತಿಯು ಯಾರಿಗೂ ಕಡಿಮೆ ಸಂಬಳ ಕೊಟ್ಟವಳಲ್ಲ, ಯಾರನ್ನೂ ಓಡಿಸಿದವಳಲ್ಲ. ನಷ್ಟ ಮಾತ್ರ ಅವಳದು.

ಇದು ಒಂದು ಊರಿನ ಸಂಕಟವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ಪ್ರಕಟಿಸಿದ ವರದಿಯಂತೆ ಜಗತ್ತಿನ ಶುಶ್ರೂಷಕರಲ್ಲಿ ಏಳರಲ್ಲಿ ಒಬ್ಬರು ತಾವು ಹುಟ್ಟಿದ ದೇಶದ ಹೊರಗೆ ದುಡಿಯುತ್ತಿದ್ದಾರೆ. ಇನ್ನೂ ಸುಮಾರು 58 ಲಕ್ಷ ಶುಶ್ರೂಷಕರ ಕೊರತೆ ಜಗತ್ತಿನಲ್ಲಿದೆ. ಬಡ ದೇಶಗಳ ಕೊರತೆಯ ಮೇಲೆ ಶ್ರೀಮಂತ ದೇಶಗಳ ಪೂರೈಕೆ ನಿಂತಿರುವ ಸ್ಥಿತಿಯನ್ನು ಕಂಡು ಅದೇ ಸಂಸ್ಥೆಯು 2010ರ ಮೇ ತಿಂಗಳಲ್ಲಿ ಆರೋಗ್ಯ ಸಿಬ್ಬಂದಿಯ ಅಂತರರಾಷ್ಟ್ರೀಯ ನೇಮಕಾತಿಗೆ ಒಂದು ನೀತಿಸಂಹಿತೆಯನ್ನು ಅಂಗೀಕರಿಸಿತು. ಅದು ಕಾನೂನಲ್ಲ, ಸ್ವಇಚ್ಛೆಯ ಒಡಂಬಡಿಕೆ. ಕೊರತೆಯಿರುವ ದೇಶಗಳಿಂದ ಜನರನ್ನು ಸೆಳೆಯಬಾರದು, ಕಳುಹಿಸುವ ದೇಶಕ್ಕೂ ಪ್ರಯೋಜನವಾಗಬೇಕು ಎಂಬ ಆಶಯದ ಜೊತೆಗೆ, ವ್ಯಕ್ತಿಗೆ ವಲಸೆ ಹೋಗುವ ಸ್ವಾತಂತ್ರ್ಯವಿದೆ ಎಂಬುದನ್ನೂ ಅದು ಒಪ್ಪಿಕೊಂಡಿತು.

ಈ ದಾರಿಯಲ್ಲಿ ಬಹಳ ಮುಂದೆ ಹೋಗಿರುವ ದೇಶ ಫಿಲಿಪ್ಪೀನ್ಸ್. ಅಲ್ಲಿಯ ಶುಶ್ರೂಷಾ ಶಿಕ್ಷಣವು ಅಮೆರಿಕದ ಆಡಳಿತದ ಕಾಲದಲ್ಲಿ ಅಮೆರಿಕದ ಮಾದರಿಯಲ್ಲಿಯೇ ರೂಪುಗೊಂಡಿತು. 1974ರಲ್ಲಿ ಜಾರಿಗೆ ಬಂದ ಕಾರ್ಮಿಕ ಸಂಹಿತೆಯ ನಂತರ ಸರ್ಕಾರವೇ ಮುಂದೆ ನಿಂತು ಜನರನ್ನು ಹೊರದೇಶಗಳಿಗೆ ಕಳುಹಿಸುವ ವ್ಯವಸ್ಥೆ ಬೆಳೆಯಿತು. ವಲಸಿಗರು ಕಳುಹಿಸುವ ಹಣವು ಆ ದೇಶದ ಆರ್ಥಿಕತೆಯ ಆಧಾರಸ್ತಂಭವಾಯಿತು. 2020ರಲ್ಲಿ ಕೋವಿಡ್ ಹರಡಿದಾಗ ಅದೇ ಸರ್ಕಾರ ಶುಶ್ರೂಷಕರ ನಿರ್ಗಮನವನ್ನು ತಡೆಯಿತು. ಅನಂತರ ವರ್ಷಕ್ಕೆ 5,000 ಜನರ ಮಿತಿ ಹಾಕಿತು, ಮುಂದೆ ಆ ಮಿತಿಯನ್ನು ಏರಿಸುತ್ತ ಹೋಯಿತು. ದಶಕಗಳ ಕಾಲ 'ಹೋಗಿರಿ' ಎಂದ ಬಾಯಿಯೇ ಆಪತ್ತಿನಲ್ಲಿ 'ನಿಲ್ಲಿರಿ' ಎಂದಾಗ ಅಲ್ಲಿಯ ಶುಶ್ರೂಷಕಿಯರು ಕೇಳಿದ ಪ್ರಶ್ನೆ ಸರಳವಾಗಿತ್ತು: ನಿಲ್ಲುವಂತೆ ಬದುಕಲು ನಮಗೆ ಏನು ಕೊಟ್ಟಿದ್ದೀರಿ? ಈ ಪ್ರಶ್ನೆಯು ಘಟಪ್ರಭೆಯ ದಂಡೆಗೂ ಅನ್ವಯಿಸುತ್ತದೆ.

ನಿಲ್ಲಲಾರದಂತೆ ಮಾಡಿದವರು ಯಾರು?

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸಲಾಗಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವುಗಳನ್ನು ಸಾಮಾನ್ಯವಾಗಿ ದನಕರುಗಳ ವಿಷಯದಲ್ಲಿ ವಿವರಿಸುವುದುಂಟು. ಎತ್ತಿನ ಮೇಲೆ ಅದರ ಶಕ್ತಿಗೆ ಮೀರಿದ ಹೇರು ಹೇರಬಾರದು, ಬಿಗಿಯಾಗಿ ಕಟ್ಟಬಾರದು, ಹೊತ್ತಿಗೆ ಮೇವು ನೀರು ತಪ್ಪಿಸಬಾರದು. ಎತ್ತಿಗೆ ಸಲ್ಲುವ ಈ ದಯೆಯು ಮನುಷ್ಯನಿಗೆ ಸಲ್ಲುವುದಿಲ್ಲವೇ?

ಒಬ್ಬಳು ಶುಶ್ರೂಷಕಿಯ ಮೇಲೆ ಮೂವರು ಮಾಡಬೇಕಾದ ಕೆಲಸ ಹೇರುವುದು, ಒಂದು ಪಾಳಿ ಮುಗಿಸಿದವಳನ್ನು ಮರುಪಾಳಿಗೆ ನಿಲ್ಲಿಸುವುದು ಅತಿಭಾರಾರೋಪಣ. ಊಟದ ವೇಳೆಯೂ ಸಿಗದಂತೆ ದುಡಿಸುವುದು ಅನ್ನಪಾನನಿರೋಧ. ಕೆಲಸಕ್ಕೆ ಸೇರುವಾಗ ಬಾಂಡ್ ಬರೆಸಿಕೊಂಡು, ಬಿಟ್ಟುಹೋದರೆ ದೊಡ್ಡ ದಂಡ ಕಟ್ಟಬೇಕೆಂದು ಹೆದರಿಸುವುದು ಬಂಧ. ಅವಳ ಮೂಲ ಪ್ರಮಾಣಪತ್ರಗಳನ್ನು ತೆಗೆದಿಟ್ಟುಕೊಂಡು ಕೇಳಿದಾಗ ಕೊಡದಿರುವುದಕ್ಕೆ ಸತ್ಯಾಣುವ್ರತದ ಅತಿಚಾರಗಳಲ್ಲಿಯೇ ಹೆಸರಿದೆ. ನಂಬಿ ಇಟ್ಟ ಒತ್ತೆಯನ್ನು ಅಪಹರಿಸುವುದಕ್ಕೆ ನ್ಯಾಸಾಪಹಾರ ಎನ್ನುತ್ತಾರೆ. ಸಂಸ್ಥೆಯ ಅಧ್ಯಕ್ಷನು ನಿತ್ಯ ಅಭಿಷೇಕ ಮಾಡಿಸುವ ಶ್ರಾವಕನಾಗಿದ್ದರೂ ಈ ದೋಷ ಅವನನ್ನು ಬಿಡುವುದಿಲ್ಲ.

ಸಂಬಳದ ವಿಷಯವೂ ಹೀಗೆಯೇ. ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ 2016ರಲ್ಲಿ ಕೇಂದ್ರ ಸರ್ಕಾರ ರಚಿಸಿದ ಸಮಿತಿಯು ಖಾಸಗಿ ಆಸ್ಪತ್ರೆಗಳ ಶುಶ್ರೂಷಕರ ವೇತನದ ಬಗ್ಗೆ ಶಿಫಾರಸು ಮಾಡಿತು. 50 ಹಾಸಿಗೆಗಳಿಗಿಂತ ಚಿಕ್ಕ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ರಾಜ್ಯ ಸರ್ಕಾರದ ಶುಶ್ರೂಷಕರಿಗೆ ಸಮನಾಗಿ ಕೊಡಬೇಕು ಎಂಬುದು ಅದರ ಸಾರ. ಶಿಫಾರಸು ಕಾಗದದಲ್ಲಿ ಬಂದಷ್ಟು ಬೇಗ ಸಂಬಳದ ಪಾಕೀಟಿನಲ್ಲಿ ಬರಲಿಲ್ಲ. ಕೋವಿಡ್ ದಿನಗಳಲ್ಲಿ ಶುಶ್ರೂಷಕಿಯರಿಗಾಗಿ ಊರೆಲ್ಲ ಜಾಗಟೆ ಬಾರಿಸಿತು. ಅದಾದ ಮೇಲೆ ಅವರ ಸಂಬಳದ ಮಾತನ್ನು ಎತ್ತಿದವರು ವಿರಳ.

ಆದುದರಿಂದ 'ಅವಳು ಊರನ್ನು ಬಿಟ್ಟಳು' ಎಂಬ ಆರೋಪಕ್ಕೆ ಮೊದಲು 'ಊರು ಅವಳನ್ನು ಹೇಗೆ ನಡೆಸಿಕೊಂಡಿತು' ಎಂಬ ಪ್ರಶ್ನೆಗೆ ಉತ್ತರ ದೊರೆಯಬೇಕು. ಮೂಡಲಗಿಯ ಬಾಣಂತಿಯ ಹಕ್ಕು ಸತ್ಯವಾದುದೇ. ಆದರೆ ಆ ಹಕ್ಕನ್ನು ತೀರಿಸುವ ಭಾರವು ಸರ್ಕಾರ, ಆಸ್ಪತ್ರೆ, ಸಮಾಜ, ಶುಶ್ರೂಷಕಿ ಈ ನಾಲ್ವರ ಮೇಲೆಯೂ ಹಂಚಿದೆ. ಅತ್ಯಂತ ದುರ್ಬಲಳಾದವಳ ಒಬ್ಬಳ ಹೆಗಲಿಗೆ ಅದನ್ನೆಲ್ಲ ಹೊರಿಸಿ ಉಳಿದ ಮೂವರು ಕೈತೊಳೆದುಕೊಳ್ಳುವುದು ಏಕಾಂತವಾದವೇ ಸರಿ. ಅವಳ ಪಾಲು ಶೂನ್ಯವೆಂದು ಹೇಳುವುದೂ ಇನ್ನೊಂದು ಏಕಾಂತ. ಅವಳನ್ನು ಓದಿಸಿದ ಸೀಟು, ಅವಳು ಕೈ ಪಳಗಿಸಿಕೊಂಡ ರೋಗಿಗಳು, ಅವಳ ಓದಿಗೆ ಸಾಲ ಕೊಟ್ಟ ಸೊಸೈಟಿ, ಎಲ್ಲವೂ ಈ ಮಣ್ಣಿನವು. ಈ ಋಣವನ್ನು ಊರಿನಲ್ಲಿಯೇ ನಿಂತು ತೀರಿಸಬೇಕೆಂಬ ನಿಯಮವಿಲ್ಲ. ತೀರಿಸಬೇಕೆಂಬುದು ಮಾತ್ರ ನಿಯಮ.

ದಾರಿಯ ಶುದ್ಧಿ

ಹೋಗಲು ನಿರ್ಧರಿಸಿದವಳ ಮುಂದಿರುವ ನಿಜವಾದ ಪರೀಕ್ಷೆ ದಾರಿಯ ಆಯ್ಕೆಯಲ್ಲಿದೆ. ಇಲ್ಲಿಯೇ ಅನೇಕ ಕುಟುಂಬಗಳು ಎಡವುತ್ತವೆ.

1983ರ ವಲಸೆ ಕಾಯ್ದೆಯು ನೋಂದಣಿಯಿಲ್ಲದ ಯಾರೂ ಹೊರದೇಶದ ನೌಕರಿಗೆ ಜನರನ್ನು ನೇಮಿಸಬಾರದೆಂದು ವಿಧಿಸಿತು. ಏಜೆಂಟನು ಪಡೆಯಬಹುದಾದ ಸೇವಾಶುಲ್ಕಕ್ಕೆ ಅದರ ನಿಯಮಗಳು 30,000 ರೂಪಾಯಿ ಹಾಗೂ ತೆರಿಗೆಯ ಮಿತಿ ಹಾಕಿದವು. ಕಾನೂನು ಹೀಗಿದ್ದರೂ 2015ರಲ್ಲಿ ಕೊಚ್ಚಿಯಲ್ಲಿ ಬಯಲಾದ ಪ್ರಕರಣದಲ್ಲಿ, ಕುವೈತಿನ ಸರ್ಕಾರಿ ಆಸ್ಪತ್ರೆಗಳಿಗೆ ಹೋಗುವ ಶುಶ್ರೂಷಕಿಯರಿಂದ 19,500 ರೂಪಾಯಿ ಪಡೆಯಬೇಕಾದಲ್ಲಿ ಸುಮಾರು 19.5 ಲಕ್ಷ ರೂಪಾಯಿ ವಸೂಲಾದ ಆರೋಪವನ್ನು ಕೇಂದ್ರೀಯ ತನಿಖಾ ದಳವು ಮಾಡಿತು. ಅದೇ ವರ್ಷ ಕೇಂದ್ರ ಸರ್ಕಾರವು ಕೊಲ್ಲಿ ದೇಶಗಳೂ ಸೇರಿದಂತೆ 18 ದೇಶಗಳಿಗೆ ಹೋಗುವ ಶುಶ್ರೂಷಕರಿಗೆ ವಲಸೆ ಅನುಮತಿಯನ್ನು ಕಡ್ಡಾಯಗೊಳಿಸಿ, ನೇಮಕಾತಿಯು ಸರ್ಕಾರಿ ಸಂಸ್ಥೆಗಳ ಮೂಲಕ ನಡೆಯಬೇಕೆಂದು ಆದೇಶಿಸಿತು.

ಸಾಲ ಮಾಡಿ ಹೋದವರ ಸ್ಥಿತಿ ಏನಾಗಬಹುದೆಂಬುದಕ್ಕೆ 2014ರ ಇರಾಕ್ ಘಟನೆ ಸಾಕ್ಷಿ. ತಿಕ್ರಿತ್ ನಗರದ ಆಸ್ಪತ್ರೆಯಲ್ಲಿದ್ದ 46 ಭಾರತೀಯ ಶುಶ್ರೂಷಕಿಯರು ಯುದ್ಧದ ನಡುವೆ ಸಿಕ್ಕಿಬಿದ್ದು, ಉಗ್ರರ ವಶವಾಗಿ, ಕೊನೆಗೆ ಜುಲೈ 5ರಂದು ಕೊಚ್ಚಿಗೆ ಮರಳಿದರು. ಅವರಲ್ಲಿ ಹಲವರು ಮೊದಲು ಮರಳಲು ಹಿಂಜರಿದಿದ್ದರು. ಗುಂಡಿನ ಭಯಕ್ಕಿಂತ ಊರಿನ ಸಾಲದ ಭಯವೇ ಅವರಿಗೆ ದೊಡ್ಡದಾಗಿತ್ತು. ಮಗಳನ್ನು ಕಳುಹಿಸಲು ಬಂಗಾರ ಅಡವಿಡುವ ತಂದೆ ಈ ಮಾತನ್ನು ಮನಸ್ಸಿನಲ್ಲಿಡಬೇಕು. ಸಾಲವು ಮರಳಿ ಬರುವ ದಾರಿಯನ್ನು ಮುಚ್ಚುತ್ತದೆ.

ಇನ್ನೊಂದು ಜಾರುದಾರಿಯಿದೆ. ಎರಡು ವರ್ಷದ ಅನುಭವ ಬೇಕೆಂಬ ನಿಯಮವಿದ್ದಲ್ಲಿ, ಒಂದೇ ವರ್ಷ ದುಡಿದವಳಿಗೆ 'ಎಲ್ಲರೂ ಮಾಡುತ್ತಾರೆ' ಎಂದು ಹೇಳಿ ಸುಳ್ಳು ಅನುಭವ ಪತ್ರ ಕೊಡಿಸುವವರಿದ್ದಾರೆ. ಸುಳ್ಳು ದಾಖಲೆ ಬರೆಯುವುದನ್ನು ಕೂಟಲೇಖಕ್ರಿಯೆ ಎಂದೂ, ರಾಜ್ಯದ ನಿಯಮವನ್ನು ಮೀರಿ ವ್ಯವಹರಿಸುವುದನ್ನು ವಿರುದ್ಧರಾಜ್ಯಾತಿಕ್ರಮ ಎಂದೂ ಸತ್ಯ ಅಚೌರ್ಯ ವ್ರತಗಳ ಅತಿಚಾರಗಳಲ್ಲಿ ಸೇರಿಸಲಾಗಿದೆ. ಕೊಲ್ಲಿ ದೇಶಗಳಲ್ಲಿ ದಾಖಲೆಗಳನ್ನು ಮೂಲ ಸಂಸ್ಥೆಯೊಡನೆ ತಾಳೆ ನೋಡುವುದರಿಂದ ಸಿಕ್ಕಿಬೀಳುವ ಭಯವಂತೂ ಇದ್ದೇ ಇದೆ. ಸಿಕ್ಕಿಬೀಳದಿದ್ದರೂ ದೋಷ ತಪ್ಪದು. ಶುಶ್ರೂಷಕಿಯ ಅನುಭವ ಪತ್ರವನ್ನು ನಂಬಿ ವೈದ್ಯನು ಒಂದು ಜೀವವನ್ನು ಅವಳ ಕೈಗೆ ಒಪ್ಪಿಸುತ್ತಾನೆ. ತೀವ್ರ ನಿಗಾ ಘಟಕದಲ್ಲಿ ಎಂದೂ ನಿಲ್ಲದವಳು ನಿಂತಿದ್ದೇನೆಂದು ಬರೆಸಿಕೊಂಡರೆ ಆ ಅಸತ್ಯವು ಅಲ್ಲಿಯೇ ಹಿಂಸೆಯಾಗಿ ಪರಿಣಮಿಸುತ್ತದೆ.

ಶುದ್ಧವಾದ ದಾರಿ ಉದ್ದವಾದುದು, ಆದರೆ ಅದು ಇದೆ. ಬ್ರಿಟನ್ನಿಗೆ ಹೋಗುವವಳು ಇಂಗ್ಲಿಷ್ ಪರೀಕ್ಷೆ ತೇರ್ಗಡೆಯಾಗಿ, ಅಲ್ಲಿಯ ಶುಶ್ರೂಷಾ ಪರಿಷತ್ತಿನ ಲಿಖಿತ ಹಾಗೂ ಪ್ರಾಯೋಗಿಕ ಪರೀಕ್ಷೆಗಳನ್ನು ಕೊಡಬೇಕು. ಜರ್ಮನಿಗೆ ಹೋಗುವವಳು ಜರ್ಮನ್ ಭಾಷೆ ಕಲಿಯಬೇಕು. ಕೇರಳದ ನೋರ್ಕಾ ರೂಟ್ಸ್ ಸಂಸ್ಥೆಯು 2021ರ ಡಿಸೆಂಬರಿನಲ್ಲಿ ಜರ್ಮನಿಯ ಸರ್ಕಾರಿ ಸಂಸ್ಥೆಗಳೊಡನೆ ಮಾಡಿಕೊಂಡ 'ಟ್ರಿಪಲ್ ವಿನ್' ಒಪ್ಪಂದದಲ್ಲಿ ನೇಮಕಾತಿಯ ಶುಲ್ಕವನ್ನು ಅಭ್ಯರ್ಥಿಯಿಂದ ಪಡೆಯದೆಯೇ ಭಾಷೆ ಕಲಿಸಿ ಕಳುಹಿಸುವ ವ್ಯವಸ್ಥೆಯಾಯಿತು. ಕರ್ನಾಟಕದಲ್ಲಿಯೂ ಕೌಶಲ್ಯಾಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರವೊಂದು ಸ್ಥಾಪನೆಯಾಗಿದೆ. ಲಕ್ಷಗಟ್ಟಲೆ ಕೇಳುವ ಏಜೆಂಟನ ಮನೆಗೆ ಹೋಗುವ ಮುನ್ನ ಇಂತಹ ಬಾಗಿಲುಗಳನ್ನು ತಟ್ಟಿ ನೋಡುವುದು ವಿವೇಕ.

ಮಗಳ ದುಡಿಮೆ, ಮನೆಯ ಪರಿಗ್ರಹ

ಪರಿಗ್ರಹ ಪರಿಮಾಣವ್ರತವು ಹೋದವಳಿಗಿಂತ ಉಳಿದವರಿಗೆ ಹೆಚ್ಚು ಅನ್ವಯಿಸುತ್ತದೆ. ಮೊದಲ ವರ್ಷ ಸೊಸೈಟಿಯ ಸಾಲ ತೀರಲಿ ಎಂಬ ಆಸೆ ನ್ಯಾಯವಾದುದು. ಎರಡನೆಯ ವರ್ಷ ತಮ್ಮನ ಓದು ಮುಗಿಯಲಿ ಎಂಬುದೂ ನ್ಯಾಯವೇ. ಆಮೇಲೆ ಆರ್.ಸಿ.ಸಿ. ಮನೆ, ಆಮೇಲೆ ಕಾರು, ಆಮೇಲೆ ಪಕ್ಕದವರ ಎರಡು ಎಕರೆ, ತಮ್ಮನ ಮದುವೆಯ ಆಡಂಬರ. ಅವಳು ಮರಳುವ ವರ್ಷ ಪ್ರತಿ ವರ್ಷವೂ ಒಂದು ವರ್ಷ ಮುಂದೆ ಹೋಗುತ್ತದೆ. ಇದೇ ಕ್ಷೇತ್ರವೃದ್ಧಿ. ಅವಳು ದಿಕ್ಕಿನ ಗಡಿಯನ್ನು ದಾಟಿದಳೆಂದು ಮರುಗುವ ಮನೆಯು ತನ್ನ ಆಸೆಯ ಗಡಿಯನ್ನು ತಾನೇ ಮರೆತಿರುತ್ತದೆ. ಅವಳು ಕಳುಹಿಸಿದ ಹಣದಲ್ಲಿ ಅವಳ ಹೆಸರಿನಲ್ಲಿ ಎಷ್ಟು ಉಳಿದಿದೆ ಎಂದು ಕೇಳುವವರು ಎಷ್ಟು ಜನ? ಮಗಳನ್ನು ಪ್ರೀತಿಸುವುದೂ ಮಗಳ ಗಳಿಕೆಯನ್ನು ಪ್ರೀತಿಸುವುದೂ ಹೊರಗಿನಿಂದ ನೋಡಲು ಒಂದೇ ರೀತಿ ಕಾಣುತ್ತವೆ. ಆ ಭೇದ ಮನೆಯವರಿಗೆ ಮಾತ್ರ ತಿಳಿಯುವಂತಹದು.

ತಾಯಿಯ ಕಾಯಿಲೆಯ ಪ್ರಶ್ನೆ ಇದಕ್ಕಿಂತ ಕಠಿಣವಾದುದು. ಪರರ ತಾಯಿಗೆ ಇನ್ಸುಲಿನ್ ಕೊಡುವ ಕೈ ತನ್ನ ತಾಯಿಗೆ ಕೊಡಲು ಇರುವುದಿಲ್ಲ. ಹಣದಿಂದ ಔಷಧ ಬರುತ್ತದೆ, ಸ್ಪರ್ಶ ಬರುವುದಿಲ್ಲ. ಈ ನಷ್ಟವನ್ನು ಯಾವ ತರ್ಕವೂ ಪೂರ್ಣವಾಗಿ ತುಂಬಲಾರದು, ತುಂಬಿತೆಂದು ಹೇಳುವುದು ಆತ್ಮವಂಚನೆ. ಆದರೆ ಒಂದನ್ನು ವಿಚಾರಿಸಬಹುದು. ಮನೆಯ ರೋಗಿಯ ಸೇವೆ ಮಗಳೊಬ್ಬಳ ಕರ್ತವ್ಯವೆಂದು ಯಾವ ಶ್ರಾವಕಾಚಾರವೂ ವಿಧಿಸಿಲ್ಲ. ವೈಯಾವೃತ್ತ್ಯಕ್ಕೆ ಲಿಂಗಭೇದವಿಲ್ಲ. ಉದ್ದಾಯನ ರಾಜನು ಗಂಡಸೇ ಆಗಿದ್ದನು. ತಮ್ಮನೂ ತಂದೆಯೂ ಸಕ್ಕರೆಯ ಅಂಶ ಪರೀಕ್ಷಿಸಲು, ಸೂಜಿ ಕೊಡಲು, ಕಾಲಿನ ಗಾಯ ನೋಡಲು ಕಲಿತ ದಿನ ಮಗಳ ಪ್ರಯಾಣವು ತಾಯಿಯ ತ್ಯಾಗವಾಗಿ ಉಳಿಯುವುದಿಲ್ಲ.

ಬಸದಿಯ ವಿಶ್ವಸ್ತರ ಪಾಲು

ಸಮ್ಯಕ್ತ್ವದ ಅಂಗಗಳಲ್ಲಿ ಸ್ಥಿತಿಕರಣ, ವಾತ್ಸಲ್ಯಗಳಿಗೆ ಸ್ಥಾನವಿದೆ. ದಾರಿಯಲ್ಲಿ ತತ್ತರಿಸುವವನನ್ನು ಹಿಡಿದು ನಿಲ್ಲಿಸುವುದು ಸಂಘದ ಕರ್ತವ್ಯ. ಪಂಚಕಲ್ಯಾಣ ಮಹೋತ್ಸವಕ್ಕೆ ಲಕ್ಷಾಂತರ ರೂಪಾಯಿ ಕೂಡಿಸುವ ಸಮಾಜಕ್ಕೆ ಕೆಲವು ಸಣ್ಣ ಕಾರ್ಯಗಳು ಅಸಾಧ್ಯವಲ್ಲ. ಏಜೆಂಟನ ನೋಂದಣಿಯನ್ನು ಸರ್ಕಾರದ ಪಟ್ಟಿಯಲ್ಲಿ ಪರಿಶೀಲಿಸಿ ಹೇಳಬಲ್ಲ ಒಬ್ಬ ತಿಳಿದವರನ್ನು ಗೊತ್ತುಮಾಡುವುದು, ಭಾಷಾ ಪರೀಕ್ಷೆಯ ಶುಲ್ಕಕ್ಕೆ ಬಡ್ಡಿಯಿಲ್ಲದ ಸಾಲ ಕೊಡುವುದು, ಬಾಂಡ್ ಹಾಗೂ ಪ್ರಮಾಣಪತ್ರಗಳ ತೊಂದರೆಯಲ್ಲಿರುವವಳ ಪರವಾಗಿ ಆಸ್ಪತ್ರೆಯೊಡನೆ ಮಾತನಾಡುವುದು, ಇವು ಆಹಾರ, ಔಷಧ, ಅಭಯ, ಶಾಸ್ತ್ರವೆಂಬ ನಾಲ್ಕು ದಾನಗಳಲ್ಲಿ ಅಭಯದಾನಕ್ಕೆ ಸೇರುವಂತಹವು. ಸಮಾಜದ ಒಡೆತನದ ಚಿಕಿತ್ಸಾಲಯವಿದ್ದರೆ ಅದರ ಶುಶ್ರೂಷಕಿಯರಿಗೆ ನ್ಯಾಯವಾದ ವೇತನ ಕೊಡುವುದಂತೂ ದಾನವೂ ಅಲ್ಲ, ಸಲ್ಲಬೇಕಾದ ಋಣ. ಹೋಗುವವಳಿಗೆ ಸಹಾಯ ಮಾಡುವ ಸಂಘವು, ನಿಲ್ಲಬಯಸುವವಳಿಗೆ ನಿಲ್ಲಲು ಸಾಧ್ಯವಾಗುವಂತೆಯೂ ನೋಡಿಕೊಳ್ಳಬೇಕು. ಆಗ ಮಾತ್ರ ಅವಳ ಆಯ್ಕೆಯು ಆಯ್ಕೆಯೆನಿಸುತ್ತದೆ.

ಹೋದವಳೂ ತನ್ನ ಪಾಲಿನ ಋಣವನ್ನು ನೆನೆಯಬೇಕು. ಗಳಿಕೆಯ ಒಂದು ಭಾಗವನ್ನು ಊರಿನ ಬಡ ಬಾಲೆಯೊಬ್ಬಳ ಶುಶ್ರೂಷಾ ಶಿಕ್ಷಣಕ್ಕೆ ಮೀಸಲಿಟ್ಟರೆ ಅವಳು ಬಿಟ್ಟುಹೋದ ಸ್ಥಾನದಲ್ಲಿ ಇನ್ನೊಬ್ಬಳು ನಿಲ್ಲುತ್ತಾಳೆ. ಮರಳಿ ಬಂದಾಗ ಅಲ್ಲಿ ಕಲಿತ ಸೋಂಕು ತಡೆಯುವ ಕ್ರಮವನ್ನೋ ವೃದ್ಧರ ಆರೈಕೆಯ ವಿಧಾನವನ್ನೋ ಇಲ್ಲಿ ಕಲಿಸಿದರೆ ಮೂಡಲಗಿಯ ಬಾಣಂತಿಗೂ ಅವಳ ಪ್ರಯಾಣದ ಫಲ ಮುಟ್ಟುತ್ತದೆ.

ಈಗ ಆ ಹುಕ್ಕೇರಿ ತಾಲೂಕಿನ ಮನೆಗೆ ಮರಳಬಹುದು. ತಂದೆ ಬಂಗಾರವನ್ನು ಪೆಟ್ಟಿಗೆಯಲ್ಲಿಯೇ ಇಟ್ಟು ಏಜೆಂಟನಿಗೆ ನೋಂದಣಿ ಪತ್ರ ಕೇಳಲಿ. ತಮ್ಮನು ತಾಯಿಗೆ ಸೂಜಿ ಕೊಡಲು ಕಲಿಯಲಿ. ಮಗಳು ಸುಳ್ಳು ಅನುಭವ ಪತ್ರದ ಆಸೆ ಬಿಟ್ಟು, ತಡವಾದರೂ ಪರೀಕ್ಷೆಯ ದಾರಿ ಹಿಡಿಯಲಿ. ಅನಂತರ ಹೋಗುವುದೋ ಇರುವುದೋ ಎಂಬ ನಿರ್ಧಾರ ಅವಳದೇ ಆಗಿರಲಿ, ಏಕೆಂದರೆ ಇನ್ನೊಬ್ಬರು ಹೇರಿದ ಗಡಿಗೆ ವ್ರತವೆಂಬ ಹೆಸರಿಲ್ಲ. ಹೊರಡುವ ಮುನ್ನ ಅಜ್ಜಿಯ ಮುಂದೆ ಕುಳಿತು ಅವಳು ತನ್ನ ಗಡಿಯನ್ನು ಹೇಳಲಿ: ಇಷ್ಟು ವರ್ಷ, ಇಷ್ಟು ಕಾರ್ಯ, ಇಷ್ಟಾದರೆ ಸಾಕು. ಆ ಮಾತಿಗೆ ಮನೆಯವರೆಲ್ಲ ಸಾಕ್ಷಿಯಾಗಲಿ, ತಾವೂ ಅದಕ್ಕೆ ಬದ್ಧರಾಗಲಿ. ಆಗ ಅಜ್ಜಿಯ ಪ್ರಶ್ನೆಗೆ ಉತ್ತರ ದೊರೆತಂತಾಗುತ್ತದೆ.